ಲಾಸ್ಟ್ ಹತ್ತೊಂಬತ್ತು

“ವಯಸ್ಸೆಷ್ಟು?” ಎಂದು ಆರೋಗ್ಯ ಕೇಂದ್ರದ ನರ್ಸ್ ಮೃಣಾಲಿನಿ ಕೊಂಕಣಿ ಬಿಟ್ಟು ಕನ್ನಡದಲ್ಲಿ ಕೇಳಿದ್ದೇ ತಪ್ಪಾಯಿತು. ಕೇಳಿದ್ದು ದೀಪಾಳನ್ನು. ಉತ್ತರ ಬಂದದ್ದು ಅವಳ ಅತ್ತೆ ಜಮುನಾಬಾಯಿಯಿಂದ.

“ಇಪ್ಪತ್ತೆಂಟು ರೀ ಬಾಯಾರ.”

ಮೃಣಾಲಿನಿ ಪೆನ್ನು ಕೆಳಗಿಟ್ಟು ದೀಪಾಳನ್ನು ನೋಡಿದಳು. ಏಳು ತಿಂಗಳ ಬಸುರಿ. ಮೂಗಿನ ತುದಿಯಲ್ಲಿ ಮಾವ ಠಾಕಪ್ಪನ ಓದುವ ಕನ್ನಡಕ. ನರೆತಂತೆ ಕಾಣಲೆಂದು ಕಿವಿಯ ಮೇಲಿನ ಕೂದಲಿಗೆ ಪೌಡರು ಹಚ್ಚಿದ್ದರು. ಮೇ ತಿಂಗಳ ಬೆವರಿಗೆ ಅದು ಕಲಸಿದ ಹಿಟ್ಟಾಗಿ ಕುತ್ತಿಗೆಗೆ ಇಳಿಯುತ್ತಿತ್ತು. ಕನ್ನಡಕದ ದೆಸೆಯಿಂದ ಏನೂ ಕಾಣದೆ, ಒಳಗೆ ಬಂದವಳೇ ತೂಕದ ಯಂತ್ರಕ್ಕೆ ಕೈಮುಗಿದಿದ್ದಳು.

“ಇಪ್ಪತ್ತೆಂಟು?”

“ಭಾಳ ಆತೇನ್ರಿ?” ಜಮುನಾಬಾಯಿ ಹಲ್ಲು ಕಿರಿದಳು. ಹದಿನೈದು ವರ್ಷದಿಂದ ಬೀಚಿನಲ್ಲಿ ಶಾಲು, ಮಣಿಸರ, ಕಾಲ್ಗೆಜ್ಜೆ ಮಾರುವವಳು. ಎದುರಿನವರು ಹುಬ್ಬೇರಿಸಿದರೆ ತಾನು ಕೆಳಗಿಳಿಯಬೇಕು, ಅವಳಿಗೆ ಗೊತ್ತಿದ್ದ ವಿದ್ಯೆ ಅದೊಂದೇ. “ನೀವು ಧಾರವಾಡದಾಕಿ, ನಮ್ಮ ಕಡ್ಯಾಕಿ. ನಿಮಗಂತ ಹೇಳ್ತೀನಿ, ಇಪ್ಪತ್ತೈದು.”

“ಏ, ಶಾಲು ಮಾರ್ಲಿಕ್ಕೆ ಬಂದೀಯೇನು? ಖರೇ ಹೇಳು.” ಮೃಣಾಲಿನಿ ದೀಪಾಳ ತೋಳಿಗೆ ಬಿ.ಪಿ. ಯಂತ್ರದ ಪಟ್ಟಿ ಸುತ್ತತೊಡಗಿದಳು.

“ಇಪ್ಪತ್ತೆರಡು ಬರಕೊಳ್ರಿ. ಮುಂಜಾನಿ ಬೋಣಿಗಿ ಟೈಮ್ ಐತಿ, ಇಲ್ಲನ್ನಬ್ಯಾಡ್ರಿ.”

“ಜಮುನಾಬಾಯಿ!”

“ಆತ್ ಬಿಡ್ರಿ. ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಲಾಸ್ಟ್ ಹತ್ತೊಂಬತ್ತು.”

ಮೃಣಾಲಿನಿಗೆ ನಗು ತಡೆಯಲಾಗಲಿಲ್ಲ. ಸುಮ್ಮನೆ ಕೆಣಕಿದಳು. “ಹದಿನಾರು ಬರೀತೀನಿ.”

“ಹದಿನಾರಾ?” ಜಮುನಾಬಾಯಿ ಎದೆ ಬಡಿದುಕೊಂಡಳು. “ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ಬಾಯಾರ! ದೇವರಾಣಿ, ನಮಗ ಬಿದ್ದದ್ದ ಹದಿನೇಳಕ್ಕ!”

ದೀಪಾ ಕನ್ನಡಕದ ಮೇಲಿಂದ ಅತ್ತೆಯನ್ನು ನೋಡಿ ಕಿಸಕ್ಕನೆ ನಕ್ಕುಬಿಟ್ಟಳು. ಮೃಣಾಲಿನಿ ನಗಲಿಲ್ಲ. ಹದಿನೇಳು ಎಂದು ಬರೆದಳು.

ತಾನು ಆಡಿದ ಮಾತು ಜಮುನಾಬಾಯಿಗೆ ಆಗ ಕೇಳಿಸಿತು. “ಅಳಸ್ರಿ ಅದನ್ನ! ಹೇಣ್ತಿಗೆ ಹದಿನೆಂಟು ತುಂಬಿಲ್ಲಂತ ನಮ್ಮ ಓಣಿ ಹೇಮಪ್ಪನ ಮಗನ್ನ ಪೊಲೀಸ್ರು ಒಯ್ದವರು ಇನ್ನೂ ಬಿಟ್ಟಿಲ್ಲ. ನನ್ನ ಮಗ ಬಾಲೂನ್ನೂ ಒಯ್ತಾರ. ಏಳ ದೀಪಾ, ನಡಿ ಮನಿಗೆ!” ಎಂದು ಸೊಸೆಯ ಕೈ ಹಿಡಿದು ಬಾಗಿಲ ಕಡೆ ಎಳೆದಳು. ಸೊಸೆಯ ಹಿಂದೆ ಬಿ.ಪಿ. ಯಂತ್ರವೂ ಮೇಜಿನ ಮೇಲಿಂದ ಹೊರಟಿತು. ಮೃಣಾಲಿನಿ ಹಾರಿ ಯಂತ್ರವನ್ನು ಹಿಡಿದುಕೊಂಡಳು. ಅವಳು ಆ ಕಡೆ, ಜಮುನಾಬಾಯಿ ಈ ಕಡೆ.

“ಇಬ್ರೂ ಬಿಡ್ರಿ! ನಾ ಏನ್ ಹಗ್ಗೇನು?” ಎಂದು ಕೂಗಿ ದೀಪಾ ಕುರ್ಚಿಯಲ್ಲಿ ಕುಸಿದಳು.

ಪಾದಗಳು ಬನ್ನಿನಂತೆ ಉಬ್ಬಿದ್ದವು. ಏಳು ತಿಂಗಳು ಆ ಪಾದಗಳನ್ನು ಒಬ್ಬ ಡಾಕ್ಟರೂ ನೋಡಿರಲಿಲ್ಲ, ಪೊಲೀಸರ ಹೆದರಿಕೆಗೆ ಮನೆಯವರು ತೋರಿಸಿರಲಿಲ್ಲ. ಮಾರುವ ಗಂಟಿನಲ್ಲಿದ್ದ ಅತಿ ದೊಡ್ಡ ಗೆಜ್ಜೆಯೂ ಸೊಸೆಯ ಕಾಲಿಗೆ ಸಾಲದಾದ ದಿನ ಜಮುನಾಬಾಯಿಗೆ ಪೊಲೀಸರಿಗಿಂತ ದೊಡ್ಡ ಹೆದರಿಕೆ ಹುಟ್ಟಿತ್ತು.

ಯಂತ್ರ ನೂರಾ ಎಪ್ಪತ್ತು ತೋರಿಸಿತು. ಮೃಣಾಲಿನಿ ಇನ್ನೊಮ್ಮೆ ನೋಡಿದಳು. ನೂರಾ ಎಪ್ಪತ್ತೆರಡು.

“ತಲಿ ನೋಯ್ತದೇನವಾ?”

ದೀಪಾ ಅಭ್ಯಾಸಬಲದಿಂದ ಅತ್ತೆಯ ಮುಖ ನೋಡಿದಳು. ಆಮೇಲೆ ತಾನೇ ಹೇಳಿದಳು. “ಎಂಟ್ ದಿನ ಆತ್ರಿ. ಕನ್ನಡಕ ತಗದ್ರೂ ಕಣ್ಣು ಮಂಜ ಆಗತಾವು.”

ಮೃಣಾಲಿನಿ ಆಗಲೇ ಫೋನು ಎತ್ತಿದ್ದಳು. ಮಾತು ಮುಗಿಸಿ ಜಮುನಾಬಾಯಿಯ ಕಡೆ ತಿರುಗಿದಳು. “ಬಾಂಬೋಳಿ ದೊಡ್ಡ ದವಾಖಾನಿಗೆ ಒಯ್ಯಬೇಕು, ಈಗಿಂದೀಗ. ಮನೀಗೆ ಕರಕೊಂಡು ಹೋದ್ರ ಎರಡೂ ಜೀವ ಉಳಿಯೂದಿಲ್ಲ.”

“ಪೊಲೀಸ್ರು?”

“ಅವರಿಗೂ ತಿಳಸಬೇಕಾಗ್ತದ, ಕಾಯ್ದೆ ಅದ. ಆದ್ರ ಆಂಬುಲೆನ್ಸ್ ಮೊದಲ ಬರ್ತದ.”

ಜಮುನಾಬಾಯಿ ಬಾಗಿಲಲ್ಲೇ ನಿಂತಳು. ಒಂದು ಕಡೆ ಮಗ, ಒಂದು ಕಡೆ ಈ ಹುಡುಗಿ. ಕಡೆಗೆ ಹಿಂದಿರುಗಿ ಬಂದು, ದೀಪಾಳ ಕುತ್ತಿಗೆಯ ಪೌಡರನ್ನು ಸೆರಗಿನಿಂದ ಗಸಗಸ ಒರೆಸಿದಳು.

“ಅದೇನ್ ಬರಕೋತೀರಿ ಬರಕೊಳ್ರಿ.”

“ಗಂಡನ ವಯಸ್ಸು?”

“ಇಪ್ಪತ್ತೊಂದು.”

“ಸಂಗಾಟ ಹೋಗಾಕಿ ನೀನ ಏನು? ನಿನ್ನ ವಯಸ್ಸು?”

“ಮೂವತ್ತೈದು.”

ಮೃಣಾಲಿನಿಯ ಪೆನ್ನು ಎರಡು ಅಂಕಿಗಳ ನಡುವೆ ನಿಂತಿತು. “ಮಗಗ ಇಪ್ಪತ್ತೊಂದು, ನಿನಗ ಮೂವತ್ತೈದು. ಹದಿನಾಲ್ಕಕ್ಕ ಹಡದೀಯೇನು? ಆವಾಗ ದವಾಖಾನ್ಯಾಗ ವಯಸ್ಸು ಎಷ್ಟಂತ ಬರಸಿದ್ರು?”

“ನನ್ನ ಯಾರ್ರಿ ದವಾಖಾನಿಗೆ ಕರಕೊಂಡ ಹೋಗಿದ್ರು?” ಜಮುನಾಬಾಯಿ ಬಗ್ಗಿ ಸೊಸೆಯ ಚಪ್ಪಲಿಗಳನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. “ಇಕಿಗರ ನಾ ಅದೀನಿ. ಗಾಡಿ ಯಾವ ಬಾಗಲಕ್ಕ ಬರತೈತಿ, ಅಷ್ಟ ಹೇಳ್ರಿ.”