ನಾನು ಪಾಸು ಮಾಡಿದ ಮನೆ

ಮಕ್ಕಳನ್ನು ಸಾಕುತ್ತೇವೆಂದು ನಮ್ಮ ಬಾಲಮಂದಿರಕ್ಕೆ ಬರುವವರನ್ನು ಸರ್ಕಾರ ಒಂದು ಸಲ ಪರೀಕ್ಷಿಸುತ್ತದೆ, ನಾನು ಹತ್ತು ಸಲ. ಆದಾಯ, ಆರೋಗ್ಯ, ಪೊಲೀಸರ ಪತ್ರ, ಇವನ್ನೆಲ್ಲ ಮೇಡಂ ನೋಡಿಕೊಳ್ಳಲಿ. ನನ್ನ ಪರೀಕ್ಷೆಯಲ್ಲಿ ಈವರೆಗೆ ಸಾವಿರ ಜನ ಫೇಲಾಗಿದ್ದಾರೆ. ಅವರಲ್ಲಿ ಇಬ್ಬರು ಹೆಡ್‌ಮಾಸ್ಟರು.

ಇವತ್ತು ಬಂದ ಗಂಡಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ ಶುರುಮಾಡಿದೆ.

“ಹಾಸಿಗೆ ಒದ್ದೆ ಮಾಡಿದ್ರೆ?”

“ಬೇರೆ ಹಾಸ್ತೀವಿ ಕಣಮ್ಮ,” ಎಂದು ಹೆಂಡತಿ ಹೇಳಿದರು.

“ದಿನಾ ಮಾಡಿದ್ರೆ?”

“ದಿನಾ ಹಾಸ್ತೀವಿ.”

“ಊಟಕ್ಕೆ ಕೂತಾಗ ಅಮ್ಮ ಬೇಕು ಅಂತ ಅತ್ರೆ?”

“ನಾನೂ ಊಟ ಬಿಟ್ಟು ಪಕ್ಕದಲ್ಲಿ ಕೂತ್ಕೋತೀನಿ.”

ಇಂಥ ಉತ್ತರ ಭೂಮಿಯ ಮೇಲೆ ಯಾರೂ ಕೊಟ್ಟಿರಲಿಲ್ಲ. ನೂರಕ್ಕೆ ಇನ್ನೂರು ಅಂಕ ಕೊಟ್ಟುಬಿಟ್ಟೆ.

ಮೇಡಂ ಫೈಲು ತೆರೆದು, ನನ್ನ ಮುಖ ನೋಡದೆ, “ಇವರಿಗೆ ಒಂದೇ ಮಗುವಿಗೆ ಅನುಮತಿ ಇರೋದು,” ಎಂದರು.

“ನಂಗೊತ್ತು ಮೇಡಂ,” ಎಂದೆ.

ಒಳಗೆ ಮಲಗಿದ್ದ ನನ್ನ ಆರು ವರ್ಷದ ತಂಗಿಯನ್ನು ಹೊತ್ತು ತಂದು ಆಕೆಯ ಮಡಿಲಲ್ಲಿ ಕೂರಿಸಿದೆ.

“ಮತ್ತೆ ನೀನು?” ಎಂದು ಆಕೆ ಕೇಳಿದರು.

“ನನ್ನನ್ನ ಕೇಳ್ಕೊಂಡು ಐವತ್ತು ಮನೆಯವರು ಕಾಯ್ತಿದ್ದಾರೆ ಆಂಟಿ,” ಎಂದೆ.