ಪಕ್ಕದ ಗುಂಡಿ

ಗುಂಡಿ ಆಗಲೇ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಕಡಿದ ಮರದ ಬುಡಕ್ಕೆ ತಾಗಿಕೊಂಡಿದ್ದ ಆ ಜಾಗವನ್ನು ಟೈಲರಮ್ಮ ಕಣ್ಣು ಮುಚ್ಚಿಕೊಂಡೂ ತೋರಿಸಬಲ್ಲಳು. ಹೆಸರಿಡುವ ಮೊದಲೇ ಹೋದ ಕೂಸನ್ನು ಅವಳ ಗಂಡ ಅಲ್ಲೇ ಮಣ್ಣು ಮಾಡಿದ್ದ. ಆಮೇಲೆ ಅವಳ ಮಡಿಲು ತುಂಬಲಿಲ್ಲ. ವರ್ಷಕ್ಕೊಮ್ಮೆ ಬಂದು ಆ ಮರದ ನೆರಳಲ್ಲಿ ಒಂದಿಷ್ಟು ಹೊತ್ತು ಕೂತು ಹೋಗುತ್ತಿದ್ದಳು, ಅಷ್ಟೇ ಅವಳ ತಾಯ್ತನ.

“ನಮ್ಮ ಮಗು ಎಲ್ಲಪ್ಪಾ?” ಎಂದು ಮೇಸ್ತ್ರಿಯನ್ನು ಕೇಳಿದಳು. ಗುಂಡಿ ಅಗೆಸಿ, ಸಿಕ್ಕಿದ್ದನ್ನು ಮನೆಯವರ ಕೈಗೆ ಒಪ್ಪಿಸುವುದು ಅವನ ಕೆಲಸ.

“ಇದಾ? ನಿನ್ನೆ ಸಂಜೆ ಒಬ್ಬ ತಾಯಿ ತಗೊಂಡು ಹೋದ್ರಲ್ಲಮ್ಮ! ಮರದ ಹತ್ತಿರದ್ದೇ ನಮ್ಮದು ಅಂದ್ರು. ಪಾಪ, ಎದೆಗೆ ಒತ್ಕೊಂಡು ಅತ್ತೂ ಅತ್ತೂ ಸುಸ್ತಾಗಿಬಿಟ್ರು. ನಾವೇ ನೀರು ಕುಡಿಸಿ ಬಸ್ಸು ಹತ್ತಿಸಿದ್ವಿ.”

“ಯಾರದು? ಯಾವೂರು?” ಗಂಡ ರೇಗಿದ. “ಬಂದು ಕೇಳಿದವರಿಗೆಲ್ಲ ಎತ್ತಿ ಕೊಟ್ಟುಬಿಡೋದಾ? ನಮ್ಮ ಸರಕಿನ ಶೆಡ್ಡಲ್ಲಿ ಒಂದು ಮೀನಿನ ಪೆಟ್ಟಿಗೇನೂ ಚೀಟಿ ನೋಡದೆ ಹೊರಗೆ ಬಿಡಲ್ಲ ಕಣಯ್ಯಾ!”

“ಎಳೆಗೂಸುಗಳಿಗೆ ಕಲ್ಲಿಲ್ಲ, ಹೆಸರಿಲ್ಲ, ಎಲ್ಲಿಯ ಚೀಟಿ ತರ್ಲಿ ಅಣ್ಣಾ? ಯಾವೂರೋ ಏನೋ, ದೂರದಿಂದ ಬಂದಿದ್ರು. ತಾಯಿ ಬಂದು ನಂದು ಅಂದ್ರೆ, ನಾನು ಯಾವ ಬಾಯಲ್ಲಿ ಅಲ್ಲ ಅನ್ಲಿ?”

ವಿಮಾನ ನಿಲ್ದಾಣ ಈ ಸೀಮೆಗೆ ಒಳ್ಳೆಯದನ್ನೇ ಮಾಡಿದೆ, ಸುಳ್ಳು ಹೇಳಿದರೆ ನಾಲಿಗೆ ಬಿದ್ದುಹೋದೀತು. ಇಲ್ಲಿ ಬೆಳಿಗ್ಗೆ ಕೊಯ್ದ ಹೂವು ರಾತ್ರಿ ಊಟದ ಹೊತ್ತಿಗೆ ಪರದೇಶದ ಮೇಜಿನ ಮೇಲಿರುತ್ತದೆ. ಮೀನು, ಔಷಧಿ, ಸಿದ್ಧ ಉಡುಪು, ಎಲ್ಲಕ್ಕೂ ರೆಕ್ಕೆ ಬಂದಿದೆ. ಕೆಲಸವಿಲ್ಲದೆ ಬೀದಿ ಅಳೆಯುತ್ತಿದ್ದವರೆಲ್ಲ ಸರಕಿನ ಶೆಡ್ಡು ಸೇರಿ ಮನೆಗೆ ತಾರಸಿ ಹಾಕಿಸಿಕೊಂಡಿದ್ದಾರೆ. ಟೈಲರಮ್ಮನ ಗಂಡನೂ ಅಲ್ಲೇ ಪೆಟ್ಟಿಗೆ ಹೊರುತ್ತಾನೆ. ಈಗ ಇನ್ನೂ ದೊಡ್ಡ ಸರಕು ವಿಮಾನಗಳು ಇಳಿಯಬೇಕಂತೆ, ಅವಕ್ಕೆ ಈ ರನ್‌ವೇ ಸಾಲದಂತೆ. ಅದನ್ನು ಉದ್ದ ಮಾಡಲು ಸಿಕ್ಕಿದ್ದು ಈ ಎಳೆಮಕ್ಕಳ ಸ್ಮಶಾನ. ಬದುಕಿರುವವರ ಜಾಗವಾದರೆ ಕೋರ್ಟು ಕಚೇರಿ ಅಂತ ಅಲೆದಾಡುತ್ತಾರೆ; ಇವು ಹಾಲಿಗಾಗಿ ಅಳುವುದಕ್ಕೂ ಪುರುಸೊತ್ತು ಸಿಗದೆ ಹೋದ ಕೂಸುಗಳು. ಗುರುತು ಹಿಡಿದು ಒಯ್ಯಿರಿ, ಬೇರೆ ಕಡೆ ಜಾಗ ಕೊಡುತ್ತೇವೆ ಎಂದು ವಾರದಿಂದ ಸಾರುತ್ತಿದ್ದರು.

“ವಾರದಿಂದ ಬಡ್ಕೊಂಡೆ, ಬನ್ನಿ ಬನ್ನಿ ಅಂತ.” ಟೈಲರಮ್ಮ ಗಂಡನ ಕಡೆ ತಿರುಗಿದಳು. ಒಬ್ಬಳೇ ಬಂದು ಮಣ್ಣು ಅಗೆಸಿ ನೋಡುವಷ್ಟು ಧೈರ್ಯ ಅವಳಿಗಿರಲಿಲ್ಲ. “ಒಂದು ದಿನ ರಜೆ ಹಾಕೋಕೆ ಆಗ್ಲಿಲ್ಲ ನಿಮಗೆ.”

“ಹೂವಿನ ಲೋಡು ಬರ್ತಾನೇ ಇತ್ತು ಕಣೇ. ಬಿಟ್ರೆ ಬಾಡುತ್ತೆ ಅಂತ ಯಾರಿಗೂ ರಜೆ ಕೊಡ್ಲಿಲ್ಲ.”

“ಹೂಂ, ಹೂವಾದ್ರೆ ಬಾಡುತ್ತೆ. ನಮ್ಮದು ಹೆಂಗೂ ಸತ್ತಿದ್ದೇ ಅಲ್ವಾ, ಕಾಯುತ್ತೆ.”

ಕಾಲಿಗೆ ಬಿದ್ದಾದರೂ ರಜೆ ಕೇಳಬೇಕಿತ್ತು ಎಂದು ಅವನಿಗೆ ಈಗ ಅನಿಸಿತು. ಖಾಲಿ ಗುಂಡಿಯ ಅಂಚಿನಲ್ಲೇ ಕುಕ್ಕರಿಸಿ ಕೂತುಬಿಟ್ಟ.

ಗಂಡ ಹೆಂಡಿರ ಮುಖ ನೋಡಲಾಗದೆ ಮೇಸ್ತ್ರಿ ತಲೆ ಕೆರೆದುಕೊಂಡ. “ಒಂದು ಕೆಲಸ ಮಾಡೋಣಮ್ಮ. ಪಕ್ಕದ್ದನ್ನ ಇನ್ನೂ ಯಾರೂ ಕೇಳಿಲ್ಲ, ಈ ಸಾಲಲ್ಲಿ ಉಳಿದಿರೋದು ಅದೊಂದೇ. ಮರ ಬಿದ್ದಮೇಲೆ ಗುರುತು ಆಚೀಚೆ ಆಗೋದು ಸಹಜ. ನಿಮ್ಮದು ಅದೇ ಇದ್ರೂ ಇರಬಹುದು. ಮಧ್ಯಾಹ್ನಕ್ಕೆ ರೋಲರ್ ಬರುತ್ತೆ. ಆಮೇಲೆ ನಾನೇ ಅಂದ್ರೂ ಏನೂ ಮಾಡೋಕಾಗಲ್ಲ, ಅದು ಇಲ್ಲೇ ಅಡೀಲಿ ಉಳ್ಕೊಳ್ಳುತ್ತೆ.”

ಟೈಲರಮ್ಮ ಪಕ್ಕದ ಮಣ್ಣಿನ ಕಡೆ ತಿರುಗಿ ನೋಡಿದಳು. ಮೇಸ್ತ್ರಿ ಚಪ್ಪಲಿ ಬಿಟ್ಟು ತಾನೇ ಅಗೆಯಲು ಇಳಿದ. ಮೇಲಿನ ಮಣ್ಣನ್ನು ಗುದ್ದಲಿಯಲ್ಲಿ ಎಳೆದು, ಕೆಳಗಿನದನ್ನು ಬರಿಗೈಯಲ್ಲಿ ತೆಗೆದ. ಒಳ್ಳೆಯ ಮನುಷ್ಯ, ಯಾರ ತಪ್ಪಿಗೋ ಬೈಸಿಕೊಳ್ಳುವ ಕೆಲಸ ಅವನದು. ತುಸು ಹೊತ್ತಿಗೆ ಬಟ್ಟೆಯ ಅಂಚು ಕಂಡಿತು. ಅವನು ಅದನ್ನು ಅಂಗೈ ಮೇಲೆ ಎತ್ತಿ ಹಿಡಿದ.

ಅವಳು ಮಂಡಿಯೂರಿ ನೋಡಿದಳು. ನೈಲಾನ್ ಅಂಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಎದೆಯ ಮೇಲಿನ ಪುಟ್ಟ ಪುಟ್ಟ ಬಟನ್‌ಗಳು ಮಾತ್ರ ಹಾಗೇ ಉಳಿದಿದ್ದವು. ಒಂದರ ಮೇಲೆ ಬೆರಳಿಟ್ಟು ಸವರಿದಳು.

“ನಿಮ್ಮದೇನಮ್ಮಾ?”

“ಹೌದಪ್ಪ, ನಮ್ಮದೇ,” ಎಂದು ಮಡಿಲು ಒಡ್ಡಿದಳು. ಮೇಸ್ತ್ರಿ ಬುಟ್ಟಿ ತಂದರೆ ಬೇಡವೆಂದಳು. ಮಡಿಲಿಗೆ ಆ ಹಗುರ ಭಾರ ಇಳಿದದ್ದೇ ತಡ, ಅವಳಿಗೆ ದುಃಖ ಉಕ್ಕಿಬಂತು. ಸುತ್ತ ಆಳುಗಳಿದ್ದಾರೆ ಎಂಬುದನ್ನೂ ಮರೆತು ಜೋರಾಗಿ ಅತ್ತಳು.

ಬೇಲಿ ದಾಟುವಾಗ ಸರಕು ವಿಮಾನವೊಂದು ತಲೆಯ ಮೇಲೇ ಏರಿಹೋಯಿತು. ಸದ್ದು ಅಡಗುವ ತನಕ ಗಂಡ ತಡೆದುಕೊಂಡಿದ್ದ.

“ಲೇ, ನಮ್ಮ ಮಗು ಅಂಗಿಗೆ ಬಟನ್ ಇರ್ಲಿಲ್ಲ ಅಲ್ವಾ?”

“ಇರ್ಲಿಲ್ಲ. ಹಸುಗೂಸಿಗೆ ಒತ್ತುತ್ತೆ ಅಂತ ಲಾಡಿ ಹೊಲಿದಿದ್ದೆ. ಕೊನೇ ಗಂಟು ನೀವೇ ಹಾಕಿದ್ರಿ.”

“ಅಯ್ಯೋ, ಮತ್ತೆ ಇದು ಯಾರದೋ! ಗೊತ್ತಿದ್ದೂ ಗೊತ್ತಿದ್ದೂ ನಮ್ಮದು ಅಂದ್ಯಾ?”

ಅವಳು ನಡಿಗೆ ನಿಲ್ಲಿಸಲಿಲ್ಲ. ಬಿಸಿಲು ತಾಗದಂತೆ ಮಡಿಲಿಗೆ ಕೈ ಅಡ್ಡ ಹಿಡಿದಳು.

“ನಮ್ಮ ಮಗೂನ ಆಯಮ್ಮ ಎದೆಗೆ ಒತ್ಕೊಂಡು ಹೋಗಿದ್ದಾಳೆ ರೀ. ಅವಳ ಮಗೂನ ನಾನು ಇಲ್ಲಿ ಬಿಟ್ಟು ಬರ್ಲಾ?”