ಬಾಣಂತಿ ಸ್ನಾನದ ಬಾಯ್ಲರ್

ಪೈಪಿಗೆ ಹಚ್ಚುವ ಪೇಂಟಿನ ವಾಸನೆ ಬಂದರೆ ಈಗಲೂ ಅಪ್ಪನ ಬೆರಳುಗಳೇ ಕಣ್ಮುಂದೆ ಬರುತ್ತವೆ.

ತಮ್ಮನನ್ನು ಹೆತ್ತು ಅವ್ವ ಕಾಮಗೆರೆ ಆಸ್ಪತ್ರೆಯಿಂದ ಮನೆಗೆ ಬಂದ ಮಧ್ಯಾಹ್ನ ಅದು. ಬಾಣಂತಿ ಸ್ನಾನಕ್ಕೆ ನೀರು ಕಾಯಿಸಬೇಕಿತ್ತು. ಬಾಯ್ಲರಿನ ನಲ್ಲಿ ಬುಡದಲ್ಲಿ ಸೋರುತ್ತಿತ್ತು.

"ಊರೋರ್ ನಲ್ಲಿಯೆಲ್ಲಾ ರಿಪೇರಿ ಮಾಡ್ತೀಯ, ನಿನ್ ಮನೇದ್ ಯಾವತ್ತಾದ್ರೂ ನೋಡ್ದೇನ್ಲಾ?" ಎಂದು ಅಜ್ಜಿ ಅಪ್ಪನನ್ನು ಗದರಿದಳು.

ಮೂರು ದಿನ ನಿದ್ದೆಗೆಟ್ಟಿದ್ದ ಅಪ್ಪ ನಲ್ಲಿ ಬಿಚ್ಚಿ, ಸೋರದಂತೆ ಅದರ ತಿರುಪಿನ ಥ್ರೆಡ್ಡಿಗೆ ಸೆಣಬಿನ ನಾರು ಸುತ್ತಿ, ಪೇಂಟ್ ಬಳಿದು ತಿರುವಿದ. ತಿರುವಿದಂತೆಲ್ಲ ನಾರು ಬಿಚ್ಚಿಕೊಂಡು ಬಂತು.

"ಉಲ್ಟಾ ಸುತ್ತಿದ್ದೀಯ ಕಣಪ್ಪ," ಎಂದೆ. ಹಾಗೆ ಸುತ್ತಬಾರದೆಂದು ನನಗೆ ಕಲಿಸಿದ್ದವನೇ ಅವನು.

"ನೀನೇ ಸುತ್ತವ್ವ," ಎಂದು ನಾರನ್ನು ನನ್ನ ಕೈಗಿತ್ತ.

ಸುತ್ತಿದೆ, ಸೋರಲಿಲ್ಲ. ಅವ್ವನ ಸ್ನಾನ ಮುಗಿಯುವಷ್ಟರಲ್ಲಿ ಅಪ್ಪ ಗೋಡೆಗೊರಗಿ ನಿದ್ದೆಹೋಗಿದ್ದ. ಅಜ್ಜಿ ಉಳಿದ ಬಿಸಿನೀರನ್ನು ಬಕೆಟ್ಟಿಗೆ ಹಿಡಿದು ಮುಚ್ಚಿಟ್ಟಳು. "ಎಬ್ಬಿಸ್ಬ್ಯಾಡ. ಎದ್ಮೇಲೆ ಅವ್ನೂ ನೀರ್ ಉಯ್ಕಳ್ಲಿ."